ಮಲೆನಾಡಿನ ಸಜ್ಜಾ ಮತ್ತು ಐಎಸ್ 456: ಕಾಂಕ್ರೀಟ್ ಸುರಿಯುವ ಮುನ್ನ ನೋಡಬೇಕಾದ್ದು

ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಕಟ್ಟುವಾಗ ಎರಡು ಅಂಕಿಗಳು ಎಲ್ಲರ ಬಾಯಲ್ಲೂ ಇರುತ್ತವೆ: ಎಂ20 ದರ್ಜೆಯ ಕಾಂಕ್ರೀಟ್ (ಅಂಕಿ ದೊಡ್ಡದಾದಷ್ಟು ಗಟ್ಟಿ), 20 ಮಿ.ಮೀ. ಕವರ್ (ಕಬ್ಬಿಣದ ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ). ಎರಡೂ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಕೋಡ್ ಆದ ಐಎಸ್ 456:2000ರಲ್ಲಿ ಇವೆ, ಆದರೆ ಮಳೆಗಾಳಿ ತಾಗದ 'ಮೈಲ್ಡ್' ಪರಿಸರಕ್ಕೆ. ಜಡಿಮಳೆಗೆ ಮೈಯೊಡ್ಡಿ ಮತ್ತೆ ಮತ್ತೆ ನೆನೆದು ಒಣಗುವ ಕಾಂಕ್ರೀಟನ್ನು ಅದೇ ಕೋಡ್ 'ಸಿವಿಯರ್' ಎನ್ನುತ್ತದೆ. ಅಲ್ಲಿಗೆ ಕನಿಷ್ಠ ಎಂ30, ಕವರ್ 45 ಮಿ.ಮೀ., ಘನ ಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟ್, ನೀರು-ಸಿಮೆಂಟ್ ಅನುಪಾತ ಹೆಚ್ಚೆಂದರೆ 0.45. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತ ತೆರೆದ ಸಜ್ಜಾಕ್ಕೆ ಬೇರೆ ವರ್ಗ ಹುಡುಕುವುದು ಸರಿಯಲ್ಲ.

ಹಾಗಾಗಿ ಪರಿಶೀಲನೆ ಶುರುವಾಗಬೇಕಾದದ್ದು ಟೇಪಿನಿಂದಲ್ಲ, "ಈ ಭಾಗಕ್ಕೆ ಮಳೆ ತಾಗುತ್ತದೆಯೇ?" ಎಂಬ ಪ್ರಶ್ನೆಯಿಂದ. ತಾರಸಿಯ ಮೇಲೆ ಹೆಂಚಿನ ಮಾಡೋ ಶೀಟೋ ಬಂದರೆ ಒಳಗಿನ ಸ್ಲ್ಯಾಬ್ ಸುರಕ್ಷಿತ. ಅದೇ ಮನೆಯ ಸಜ್ಜಾ ಹೊರಗೇ ನೆನೆಯುತ್ತಿರುತ್ತದೆ. ಒಂದೇ ಮನೆಯಲ್ಲಿ ಎರಡು ವರ್ಗ!

ಇಲ್ಲೊಂದು ಅಪಾಯವಿದೆ. ನಕ್ಷೆಯಲ್ಲಿ 20 ಇರುವ ಕವರನ್ನು ಸೈಟಿನಲ್ಲೇ 45 ಮಾಡಿಬಿಡಬೇಡಿ. 100 ಮಿ.ಮೀ. ದಪ್ಪದ ಸಜ್ಜಾದಲ್ಲಿ 8 ಮಿ.ಮೀ. ಸರಳಿಗೆ 20 ಕವರ್ ಇದ್ದರೆ ಪರಿಣಾಮಕಾರಿ ಆಳ (ಸರಳಿನ ನಡುವಿನಿಂದ ಎದುರು ಬದಿಯ ಮೇಲ್ಮೈವರೆಗಿನ ದೂರ) 100 − 20 − ಸರಳಿನ ಅರ್ಧ ದಪ್ಪ 4 = 76 ಮಿ.ಮೀ.; ಕವರ್ 45 ಮಾಡಿದರೆ ಅದು 51ಕ್ಕೆ ಇಳಿಯುತ್ತದೆ, ಬಾಗುವಿಕೆ ತಡೆಯುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. ದಪ್ಪ ಹೆಚ್ಚಿಸಿ ಸರಳಿನ ಲೆಕ್ಕ ಹೊಸದಾಗಿ ಮಾಡಬೇಕು. ಅದು ವಿನ್ಯಾಸ ಮಾಡಿದ ಎಂಜಿನಿಯರ್ ಕೆಲಸ.

ಸಜ್ಜಾದ ಮುಖ್ಯ ಸರಳು ಮೇಲ್ಭಾಗದಲ್ಲಿರಬೇಕು, ಏಕೆಂದರೆ ಎಳೆತ ಅಲ್ಲಿದೆ. ಬಾಂಡ್ಲಿ ಹೊತ್ತವರು ಅದರ ಮೇಲೇ ಓಡಾಡಿದರೆ ಸರಳು ತಳಕ್ಕೆ ಕೂರುತ್ತದೆ. ಆಗ ಸರಳು ಇದ್ದೂ ಇಲ್ಲದಂತೆ. ಸೆಂಟ್ರಿಂಗ್ ಬಿಚ್ಚಿದ ದಿನವೇ ಸಜ್ಜಾ ಗೋಡೆಯ ಬುಡದಲ್ಲಿ ಬಿರಿಯಬಹುದು. ಮೇಲಿನ ಸರಳನ್ನು ಎತ್ತಿ ಹಿಡಿಯಲು ಸರಳಿನಲ್ಲೇ ಬಗ್ಗಿಸಿದ ಚೇರ್ (ಆಸರೆ ಕಾಲು) ಇಟ್ಟು, ಓಡಾಟಕ್ಕೆ ಬೇರೆ ಹಲಗೆ ಹಾಕಿಸಿ. ಕಾಂಕ್ರೀಟ್ ಸುರಿಯುವಾಗಲೂ ಒಬ್ಬರ ಕಣ್ಣು ಇದರ ಮೇಲೆಯೇ ಇರಲಿ. ಕವರ್ ಕಾಯಲು ಸರಳಿನಡಿ ಇಡುವ ಕವರ್ ಬ್ಲಾಕಿನ ಜಾಗಕ್ಕೆ ಜಲ್ಲಿ ಚೂರು ಬೇಡ, ಅದು ಜಾರುತ್ತದೆ. ಕವರ್ 10 ಮಿ.ಮೀ.ವರೆಗೆ ಹೆಚ್ಚಾಗಬಹುದು, ಕಡಿಮೆಯಾಗುವಂತಿಲ್ಲ.

ಇನ್ನು ನೀರು. ಮಳೆಗಾಲದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. 50 ಕೆ.ಜಿ. ಚೀಲಕ್ಕೆ 0.45 ಎಂದರೆ 22.5 ಲೀಟರ್. ಆದರೆ ನೆನೆದ ಮರಳೂ ನೀರು ತರುತ್ತದೆ. 500 ಗ್ರಾಂ ಮರಳನ್ನು ಬಾಣಲೆಯಲ್ಲಿ ಹುರಿಯಿರಿ, ಹುಡಿಹುಡಿಯಾಗಿ ಆವಿ ನಿಂತ ಮೇಲೆ ತೂಗಿ. 476 ಗ್ರಾಂ ಬಂದರೆ ತೇವ 24 ÷ 476, ಅಂದರೆ ಸುಮಾರು 5%. ಮರಳು ತಾನೇ ಹೀರಿಕೊಳ್ಳುವುದು 1% ಎಂದಿಟ್ಟುಕೊಂಡರೆ ಮಿಶ್ರಣಕ್ಕೆ ಸೇರುವ ಹೆಚ್ಚುವರಿ ನೀರು 4%. ಚೀಲಕ್ಕೆ 80 ಕೆ.ಜಿ. ಒಣ ಮರಳಿನ ಮಿಶ್ರಣವಾದರೆ ಅದರಲ್ಲೇ 3.2 ಲೀಟರ್ ಇದೆ. ಮಿಕ್ಸರಿಗೆ ಹಾಕಬೇಕಾದದ್ದು 19.3 ಲೀಟರ್ ಮಾತ್ರ, ಮರಳು 84 ಕೆ.ಜಿ. ತೂಗಬೇಕು. ಲೆಕ್ಕಿಸದೆ 22.5 ಪೂರ್ತಿ ಸುರಿದರೆ ಅನುಪಾತ 0.51 ದಾಟುತ್ತದೆ. ಎಂ30ಕ್ಕೆ ಡಿಸೈನ್ ಮಿಕ್ಸ್ (ಬಳಸುವ ಸಾಮಗ್ರಿಗೆ ತಕ್ಕಂತೆ ಲೆಕ್ಕ ಹಾಕಿದ ಮಿಶ್ರಣ) ಬೇಕು, ಸಿಮೆಂಟ್, ಮರಳು, ಜಲ್ಲಿಯ 1:1.5:3ರ ಲೆಕ್ಕ ಎಂ20ಕ್ಕೇ ಮುಗಿಯಿತು.

ಗಟ್ಟಿತನ ಪರೀಕ್ಷಿಸಲು ಅದೇ ಕಾಂಕ್ರೀಟಿನ ಕ್ಯೂಬ್ ಮಾಡುವುದನ್ನು ಮರೆಯಬೇಡಿ: 5 ಘನ ಮೀಟರ್‌ವರೆಗೆ ಒಂದು ಮಾದರಿ, 6ರಿಂದ 15ಕ್ಕೆ ಎರಡು, ಮಾದರಿಯೊಂದಕ್ಕೆ 150 ಮಿ.ಮೀ.ನ ಮೂರು ಕ್ಯೂಬ್, ಪರೀಕ್ಷೆ 28ನೇ ದಿನ.

"ಮಳೆ ಬರ್ತಿದೆಯಲ್ಲ, ಕ್ಯೂರಿಂಗ್ ಯಾಕೆ?" ಎಂದು ಕೇಳುವವರಿದ್ದಾರೆ. ಎರಡು ದಿನ ಹೊಳವಾಗಿ ಗಾಳಿ ಬೀಸಿದರೆ ಮೇಲ್ಮೈ ಒಣಗಿ ಬಿರಿಯುತ್ತದೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ (ಹಾರುಬೂದಿಯಂಥ ಪೊಜೊಲಾನಾ ಬೆರೆಸಿದ ಸಿಮೆಂಟಿಗೆ) 10 ದಿನ ತೇವ ಆರಬಾರದು.

ಸೆಂಟ್ರಿಂಗಿನ ಆಸರೆ ಕಂಬ ತೆಗೆಯುವುದಕ್ಕೆ ಕೋಡ್ ಹೇಳುವ ಕನಿಷ್ಠ ದಿನಗಳು: 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7, ಅದಕ್ಕಿಂತ ಉದ್ದಕ್ಕೆ 14. ಇದು ಸಾಮಾನ್ಯ ಸಿಮೆಂಟಿಗೆ, ತಾಪಮಾನ 15 ಡಿಗ್ರಿಗಿಂತ ಇಳಿಯದಿದ್ದಾಗ. ಪಿಪಿಸಿಗೆ ಇನ್ನೂ ಕಾಯಬೇಕು. ಸಜ್ಜಾದ ಕಂಬವನ್ನು ಅದರ ಹಿಂಬದಿಗೆ ಭಾರ ಕೊಡುವ ಗೋಡೆ ಏಳುವ ಮೊದಲು ತೆಗೆಯಬೇಡಿ. ಅಡಿಕೆ ಮರದ ಕಂಬವಾಗಲಿ ಜಾಕಿಯಾಗಲಿ, ಕೆಸರಿನ ಮೇಲೆ ನೇರ ನಿಂತರೆ ರಾತ್ರಿಯ ಮಳೆಗೆ ಕುಸಿದು ಸ್ಲ್ಯಾಬ್ ಹಸಿಯಲ್ಲೇ ಜೋತುಬೀಳುತ್ತದೆ. ಪ್ರತಿ ಕಂಬದ ಬುಡಕ್ಕೂ ಅಗಲ ಹಲಗೆ ಇದೆಯೇ ಎಂದು ಬಗ್ಗಿ ನೋಡಿ.