ಎಪ್ಪತ್ತೊಂಬತ್ತು ಅಂಕಿ, ಆರೇ ಅಕ್ಷರ

ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸೆಕೆಂಡಿಗೊಂದರಂತೆ ಅಂಕಿ ಹೇಳುತ್ತಾ ಹೋಗುತ್ತೇನೆ. ಎದುರಿಗಿದ್ದವರು ಅವನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಒಪ್ಪಿಸಬೇಕು. ನಾಲ್ಕರವರೆಗೆ ಸಲೀಸು. ಐದಕ್ಕೆ ಕಣ್ಣು ಚಾವಣಿಗೆ ಏರುತ್ತದೆ, ಬೆರಳು ಮೇಜು ಕುಟ್ಟತೊಡಗುತ್ತದೆ. ಆರಕ್ಕೆ "ಇನ್ನೊಂದ್ಸಲ ಹೇಳ್ತೀರಾ ಮೇಡಂ?" ಹೇಳುವಂತಿಲ್ಲ.

ಇಂಥ ಹಲವು ಪುಟ್ಟ ಕೆಲಸಗಳನ್ನು ಕೂಡಿಸಿದಾಗ ಸಿಗುವುದೇ ಐಕ್ಯೂ. ಓರಗೆಯವರ ಸರಾಸರಿಯನ್ನು 100 ಎಂದಿಟ್ಟುಕೊಂಡು ನೀವು ಅದರಿಂದ ಎಷ್ಟು ಆಚೀಚೆ ಎಂದಷ್ಟೇ ಅದು ಹೇಳುತ್ತದೆ. ನೂರಕ್ಕೆ ಸುಮಾರು 68 ಮಂದಿ 85ರಿಂದ 115ರೊಳಗೇ ಇರುತ್ತಾರೆ. 1905ರಲ್ಲಿ ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಇಂಥ ಪರೀಕ್ಷೆ ರೂಪಿಸಿದ್ದು ಜಾಣರನ್ನು ಆರಿಸಲಿಕ್ಕಲ್ಲ, ಶಾಲೆಯಲ್ಲಿ ಹೆಚ್ಚು ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ. ಅದನ್ನು ಹಣೆಬರಹ ಮಾಡಿದ್ದು ಆಮೇಲಿನವರು.

ಐಕ್ಯೂ ಹೆಚ್ಚಿಸಿಕೊಳ್ಳಬಹುದೇ ಎಂದು ಕೇಳಿದವರಿಗೆ ನಾನು ಅಮೆರಿಕದ ಒಬ್ಬ ವಿದ್ಯಾರ್ಥಿಯ ಕತೆ ಹೇಳುತ್ತೇನೆ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಆತನಿಗೆ ಮೊದಲು ನೆನಪಿರುತ್ತಿದ್ದದ್ದು ಏಳು ಅಂಕಿ. ಸುಮಾರು 230 ಗಂಟೆ ಅಭ್ಯಾಸವಾದ ಮೇಲೆ 79! ಗುಟ್ಟೇನೆಂದರೆ ಆತ ಓಟಗಾರ. 3492 ಎಂದರೆ ಅವನಿಗೆ ಒಂದು ಮೈಲಿಯನ್ನು 3 ನಿಮಿಷ 49.2 ಸೆಕೆಂಡಿನಲ್ಲಿ ಓಡಿದ ಹಾಗೆ, ಆಗಿನ ವಿಶ್ವದಾಖಲೆಯ ಆಸುಪಾಸು. ಆದರೆ ಅಂಕಿ ಬಿಟ್ಟು ಅಕ್ಷರ ಕೊಟ್ಟರೆ ಮತ್ತೆ ಆರಕ್ಕೇ ನಿಂತ. ನೆನಪಿನ ಪಾತ್ರೆ ಹಿಗ್ಗಿರಲಿಲ್ಲ. ಗೊತ್ತಿದ್ದ ಓಟದ ಲೆಕ್ಕವೇ ಅಂಕಿಗಳನ್ನು ನೇತುಹಾಕುವ ಗೂಟವಾಗಿತ್ತು.

ಮೆದುಳು ಚುರುಕಾಗಿಸುವ ಆ್ಯಪ್‌ಗಳ ಹಣೆಬರಹವೂ ಬಹುಪಾಲು ಇದೇ. ಆಡಿದವರು ಆ ಆಟದಲ್ಲಿ ಪಳಗುತ್ತಾರೆ, ಅಷ್ಟೆ. ದುಡ್ಡು ಕೊಟ್ಟವರಿಗೆ ಈ ಮಾತು ರುಚಿಸುವುದಿಲ್ಲ.

ಐಕ್ಯೂವನ್ನೇ ಮೇಲಕ್ಕೆತ್ತುವುದು ಓದು. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕಲೆಹಾಕಿದ 2018ರ ವಿಶ್ಲೇಷಣೆಯೊಂದರಲ್ಲಿ, ಶಾಲೆಯ ಒಂದು ಹೆಚ್ಚುವರಿ ವರ್ಷಕ್ಕೆ 1ರಿಂದ 5 ಅಂಕ ಏರಿದ್ದು ಕಂಡಿತು. ಎಳೆಯರಿಗೆ ಅಯೋಡಿನ್ ಕೊರತೆಯಾಗದಂತೆ, ಸೀಸದ ವಿಷ ಸೋಕದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ದೊಡ್ಡವರು ಬಂದರೆ ನಾನು ತಿರುಗಿ ಕೇಳುವುದು, "ಯಾವುದರಲ್ಲಿ ಜಾಣರಾಗಬೇಕು?" ಒಬ್ಬರು ತಡೆದು ತಡೆದು ಹೇಳಿದರು: ಲೆಕ್ಕಪತ್ರದ ವರದಿ ಕಂಡರೆ ಕೈಕಾಲು ಬಿಡುತ್ತದಂತೆ. ದಿನಕ್ಕೊಂದು ಪುಟ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಿರಿ ಎಂದೆ. ತಿಂಗಳ ನಂತರ ನೋಟ್‌ಬುಕ್ ತಂದರು. ಮೊದಲ ಹಾಳೆಯಲ್ಲಿ ಎರಡೇ ಸಾಲು, ಅದರಲ್ಲೊಂದು ತಪ್ಪು. ಕೊನೆಯ ಹಾಳೆ ಅಂಚಿನವರೆಗೂ ತುಂಬಿತ್ತು.