ನಂಬಿಕೆ ಹೋದ ಮೇಲೂ ಮುಗಿಯುವ ಕೈ

ನಲವತ್ತರ ಆಸುಪಾಸಿನ ಒಬ್ಬರು ಒಮ್ಮೆ ಮನೋಚಿಕಿತ್ಸೆಗೆಂದು ಬಂದು ನನ್ನೆದುರು ಕೂತು ಬಹಳ ಹೊತ್ತು ಮಾತೇ ಆಡಲಿಲ್ಲ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮುಂದೆ ಬರುವವರದ್ದೂ ಹಾಗೆಯೇ.) ಅವರು ದೇವರನ್ನು ನಂಬುವುದು ಬಿಟ್ಟು ಹದಿನೈದು ವರ್ಷವಾಗಿತ್ತು. ಯಾರದೋ ಮಾತು ಕೇಳಿ ಬಿಟ್ಟದ್ದಲ್ಲ. ಓದಿ, ಯೋಚಿಸಿ, ಮನೆಯವರೊಂದಿಗೆ ಜಗಳವಾಡಿ ಬಿಟ್ಟದ್ದು. ಹಿಂದಿನ ವಾರ ತಾಯಿಗೆ ಆಪರೇಷನ್ ನಡೆಯುತ್ತಿದ್ದಾಗ ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೆ ಇದ್ದಕ್ಕಿದ್ದಂತೆ ತಮ್ಮ ಕೈಗಳು ಜೋಡಿಕೊಂಡಿರುವುದು, ತುಟಿ ಅಲ್ಲಾಡುತ್ತಿರುವುದು ಗಮನಕ್ಕೆ ಬಂತು. ಚಿಕ್ಕಂದಿನ ಪ್ರಾರ್ಥನೆ, ಒಂದಕ್ಷರ ತಪ್ಪದೆ. ತಾಯಿ ಚೇತರಿಸಿಕೊಂಡರು, ಇವರು ಕುಸಿದುಹೋದರು. "ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದು ನಾಟಕಾನಾ ಮೇಡಂ?"

ನಾಟಕವಲ್ಲ ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು.

ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಮರ್ಯಾನಾ ಲಿಂಡೆಮನ್ ಮತ್ತು ಸಂಗಡಿಗರು 2014ರಲ್ಲಿ ಒಂದು ಚಿಕ್ಕ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆಸ್ತಿಕರಿಗೂ ನಾಸ್ತಿಕರಿಗೂ ಕೆಲವು ವಾಕ್ಯ ಕೊಟ್ಟು ಗಟ್ಟಿಯಾಗಿ ಓದಿಸಿದರು. ತಮ್ಮವರಿಗೆ ಕೇಡು ಮಾಡು ನೋಡೋಣ ಎಂದು ದೇವರಿಗೇ ಸವಾಲು ಹಾಕುವಂಥ ವಾಕ್ಯಗಳು. ಓದುವಾಗ ಬೆರಳಿಗೆ ಚರ್ಮದ ಬೆವರಿನ ಸೂಕ್ಷ್ಮ ಏರಿಳಿತ ಅಳೆಯುವ ಉಪಕರಣ ಕಟ್ಟಿದ್ದರು. ನನಗೇನೂ ಅಷ್ಟು ಕಸಿವಿಸಿಯಾಗಲಿಲ್ಲ ಎಂದು ನಾಸ್ತಿಕರು ಬಾಯಲ್ಲಿ ಹೇಳಿದರು. ಉಪಕರಣದ ಪ್ರಕಾರ ಅವರ ಮೈಯೂ ಆಸ್ತಿಕರ ಮೈಯಷ್ಟೇ ಗಾಬರಿಯಾಗಿತ್ತು. ಇದನ್ನು ಓದಿ "ನೋಡಿ, ಒಳಗೊಳಗೇ ಎಲ್ಲರೂ ಆಸ್ತಿಕರೇ" ಎಂದು ಖುಷಿಪಡುವವರಿದ್ದಾರೆ. ನನಗೆ ಆ ಅರ್ಥ ಕಾಣುವುದಿಲ್ಲ. ಬಾಯಿ ಒಂದು ವಿಷಯ ಹೇಳುತ್ತಿದೆ, ಮೈ ಇನ್ನೊಂದು. ಎರಡೂ ಕಲಿತ ಕಾಲ ಬೇರೆ, ಅಷ್ಟೆ.

ಮಗು ಧರ್ಮವನ್ನು ಮೊದಲು ಕಲಿಯುವುದು ಅರ್ಥವಾಗಿ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ ಮತ್ತು ಜೊತೆಗಾರರು 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳನ್ನು "ಪ್ರಾರ್ಥನೆ ಅಂದರೇನು?" ಎಂದು ಕೇಳಿದ್ದರು. ಐದಾರು ವರ್ಷದವರ ಉತ್ತರ ಮಸುಕು. ಅದಕ್ಕೂ ದೇವರಿಗೂ ಏನೋ ನಂಟಿದೆ ಎಂಬಷ್ಟೇ ಗೊತ್ತು. ಏಳೆಂಟರ ಹೊತ್ತಿಗೆ ಅದು ಮಾಡುವ ಕೆಲಸ, ಕೇಳಿಕೊಳ್ಳುವ ಮಾತು. ಒಂಬತ್ತು ದಾಟಿದ ಮೇಲಷ್ಟೇ ಅದು ಮನಸ್ಸಿನೊಳಗಿನ ಮಾತುಕತೆ ಎಂಬ ತಿಳಿವು ಮೂಡತೊಡಗುತ್ತದೆ. ಅಂದರೆ ಮಾತಿನ ಅರ್ಥ ತಲೆಗೆ ಹೋಗುವ ಎಷ್ಟೋ ಮೊದಲೇ ಕೈ ಮುಗಿಯಲು, ತಲೆ ಬಾಗಲು, ದನಿ ತಗ್ಗಿಸಲು ಕಲಿತಾಗಿರುತ್ತದೆ. ಇಪ್ಪತ್ತೈದರಲ್ಲಿ ವಾದ ಮಾಡಿ ಗೆದ್ದಾಗ ಸೋಲುವುದು ಆ ಅರ್ಥ. ಕೈಗೆ ಯಾರೂ ವಾದ ಹೇಳಿರುವುದಿಲ್ಲ.

ಮನಶ್ಶಾಸ್ತ್ರಜ್ಞ ಡ್ಯಾರಿಲ್ ವ್ಯಾನ್ ಟಾಂಗರೆನ್ ಮತ್ತು ಇತರರು ಅಮೆರಿಕ, ನೆದರ್ಲೆಂಡ್ಸ್, ನ್ಯೂಜಿಲೆಂಡ್, ಹಾಂಗ್‌ಕಾಂಗ್‌ಗಳಲ್ಲಿ ಕಲೆಹಾಕಿದ ಮಾಹಿತಿಯನ್ನು 2021ರಲ್ಲಿ ಪ್ರಕಟಿಸಿದರು. ಧರ್ಮ ಬಿಟ್ಟವರು ಹಲವು ವಿಷಯಗಳಲ್ಲಿ ಎಂದೂ ಧರ್ಮದಲ್ಲಿ ಇರದಿದ್ದವರಂತೆ ಆಗಿಬಿಡುವುದಿಲ್ಲ, ಅವರಿಗೂ ಧರ್ಮದಲ್ಲೇ ಇರುವವರಿಗೂ ನಡುವೆ ಎಲ್ಲೋ ನಿಲ್ಲುತ್ತಾರೆ ಎಂಬುದು ಅದರ ಸಾರ. ಪಾತ್ರೆ ಬರಿದು ಮಾಡಿದ ಮೇಲೂ ತಳದಲ್ಲಿ ಗಸಿ ಉಳಿಯುವ ಹಾಗೆ. ನನ್ನೆದುರು ಕೂತಿದ್ದವರಿಗೆ ಆ ದಿನ ಬೇಕಿದ್ದ ಮಾಹಿತಿ ಇಷ್ಟೇ.

ಹಾಗಂತ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಹೊರಡುವ ತಂದೆತಾಯಿಯರಿಗೂ ನಾನು ತಲೆಯಾಡಿಸುವುದಿಲ್ಲ. 2005ರಲ್ಲಿ ಅಮೆರಿಕದ ಸಂಶೋಧಕರು ಮಿನೆಸೋಟಾದ ಅವಳಿ ಗಂಡಸರನ್ನು ಆಧರಿಸಿ ಒಂದು ಲೆಕ್ಕ ಕೊಟ್ಟರು. ಧಾರ್ಮಿಕತೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಒಂದೇ ಮನೆಯಲ್ಲಿ ಬೆಳೆದುದರ ಪಾಲು ಬಾಲ್ಯ, ಹದಿಹರೆಯದಲ್ಲಿ ಶೇ. 56ರಷ್ಟಿದ್ದದ್ದು, ದೊಡ್ಡವರಾದ ಮೇಲೆ ಶೇ. 18ಕ್ಕೆ ಇಳಿದಿತ್ತು. ಹುಟ್ಟಿನಿಂದ ಬಂದ ಗುಣದ ಪಾಲು ಶೇ. 12ರಿಂದ 44ಕ್ಕೆ ಏರಿತ್ತು. ಎಳೆಯ ಕಾಲದ ಅಂಕಿ ಅವರವರ ನೆನಪಿನಿಂದ ಬಂದದ್ದು ಎಂಬ ಎಚ್ಚರ ಇರಲಿ. "ನನ್ನ ನಂಬಿಕೆಯಲ್ಲಿ ಶೇ. 44 ರಕ್ತದ್ದು" ಎಂದು ಯಾರೂ ಓದಿಕೊಳ್ಳಬಾರದು, ಅದು ಗುಂಪಿನ ಲೆಕ್ಕ. ಆದರೆ ಸೂಚನೆ ಸ್ಪಷ್ಟ: ಮನೆಯಲ್ಲಿದ್ದಾಗ ಮನೆಯ ಹಾಗೆ ಇದ್ದವರು ಹೊರಬಿದ್ದ ಮೇಲೆ ಮೆಲ್ಲಗೆ ತಮ್ಮ ಹಾಗೆ ಆಗುತ್ತಾರೆ.

ಮನೆ ಉಳಿಸಿಹೋಗುವುದು ಹಾಗಾದರೆ ಏನನ್ನು? ನನ್ನ ಅನುಭವದಲ್ಲಿ ಸಿದ್ಧಾಂತಕ್ಕಿಂತ ಹೆಚ್ಚಾಗಿ ಧೋರಣೆಯನ್ನು. ಆದ್ದರಿಂದ ಈ ವಿಷಯ ಎತ್ತಿಕೊಂಡು ಬಂದವರನ್ನು ನಾನು "ನೀವು ನಂಬುತ್ತೀರಾ?" ಎಂದು ಮೊದಲು ಕೇಳುವುದಿಲ್ಲ. "ಚಿಕ್ಕಂದಿನಲ್ಲಿ ದೇವರ ಬಗ್ಗೆ ಪ್ರಶ್ನೆ ಕೇಳಿದಾಗ ಮನೆಯಲ್ಲಿ ಏನಾಗ್ತಿತ್ತು?" ಎನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಕಿಟಕಿಯ ಕಡೆ ನೋಡುತ್ತಾರೆ. ಒಬ್ಬಾಕೆ "ಪ್ರಶ್ನೆನಾ?" ಎಂದು ತಿರುಗಿ ನನ್ನನ್ನೇ ಕೇಳಿದ್ದರು.

ಆಕೆಗೆ ಆಗ ಇಪ್ಪತ್ತಮೂರು. ಪ್ರಾರ್ಥನೆಯ ನಡುವೆ ಒಂದು ಕೆಟ್ಟ ಯೋಚನೆ ಸುಳಿದರೆ ಮೊದಲಿನಿಂದ ಶುರು ಮಾಡಬೇಕು, ಇಲ್ಲದಿದ್ದರೆ ಮನೆಯವರಿಗೆ ಕೇಡು. ದಿನಕ್ಕೆ ಮೂರು ಗಂಟೆ ಹೀಗೆ ಹೋಗುತ್ತಿತ್ತು. ಇದು ಭಕ್ತಿಯ ಅತಿರೇಕವಲ್ಲ, ಗೀಳು ಕಾಯಿಲೆ. ಒಸಿಡಿ ಎನ್ನುತ್ತೇವಲ್ಲ, ಅದರದೇ ಒಂದು ರೂಪ. ಇದನ್ನು ಮನೆಯ ಸಂಸ್ಕಾರ ಹುಟ್ಟಿಸಿತು ಎನ್ನುವುದು ತಪ್ಪು. ದೇವರ ಸುದ್ದಿಯೇ ಇಲ್ಲದ ಮನೆಯಲ್ಲಿ ಬೆಳೆದಿದ್ದರೆ ಬಹುಶಃ ಇದೇ ಗೀಳು ಕೈ ತೊಳೆಯುವುದಕ್ಕೋ ಬಾಗಿಲ ಚಿಲಕ ನೋಡುವುದಕ್ಕೋ ಹತ್ತಿಕೊಳ್ಳುತ್ತಿತ್ತು. ಸಂಸ್ಕಾರ ಕೊಟ್ಟದ್ದು ಕಾಯಿಲೆಗೆ ತೊಡಲು ಬಟ್ಟೆಯನ್ನು. ಚಿಕಿತ್ಸೆಯೂ ಉಳಿದ ಗೀಳಿಗೆ ಇರುವಂಥದ್ದೇ: ಯೋಚನೆ ಬಂದರೂ ಮತ್ತೆ ಶುರು ಮಾಡದೆ ಆ ಕಳವಳವನ್ನು ತಾಳಿಕೊಳ್ಳುವ ಅಭ್ಯಾಸ, ಅಗತ್ಯವಿದ್ದರೆ ಔಷಧ. ಆಕೆ ನಂಬಿಕೆ ಬಿಡಬೇಕಾಗಲಿಲ್ಲ, ಬಿಡಲೂ ಇಲ್ಲ. ಇಂಥವರಿಗೆ "ದೇವರೇ ಇಲ್ಲ, ಬಿಡಮ್ಮ" ಎಂದು ಬುದ್ಧಿ ಹೇಳುವ ಚಿಕಿತ್ಸಕರನ್ನೂ ಕಂಡಿದ್ದೇನೆ. ಅದು ವೃತ್ತಿಯಲ್ಲ, ಪ್ರಚಾರ.

ಮಕ್ಕಳಿಗೆ ನಂಬಿಕೆ ದಾಟಿಸುವುದು ಉಪದೇಶವಲ್ಲ ಎಂಬುದಕ್ಕೆ ಆಧಾರಗಳಿವೆ. "ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ" ಎಂಬ ಗಾದೆ ಹೇಳುವುದನ್ನೇ ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು. ಹೇಳುವವರು ಅದಕ್ಕಾಗಿ ತಮ್ಮ ಸುಖ, ಸಮಯ, ಹಣ ಬಿಟ್ಟುಕೊಡುವುದು ಕಣ್ಣಿಗೆ ಕಂಡರಷ್ಟೇ ಕಲಿಯುವವರು ಮಾತನ್ನು ನಂಬುತ್ತಾರೆ. ಇನ್ನೊಂದು, ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ 1970ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿ ದಶಕಗಳ ಕಾಲ ಅವೇ ಕುಟುಂಬಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಿಂಬಾಲಿಸಿದ ಅಧ್ಯಯನ. ತಂದೆತಾಯಿ, ಅದರಲ್ಲೂ ತಂದೆ, ಮಕ್ಕಳೊಂದಿಗೆ ಆಪ್ತವಾಗಿದ್ದ ಮನೆಗಳಲ್ಲಿ ನಂಬಿಕೆ ಹೆಚ್ಚು ಮುಂದುವರಿದಿತ್ತು. ಎಷ್ಟೇ ಶ್ರದ್ಧಾವಂತನಾಗಿದ್ದರೂ ತಣ್ಣಗೆ ದೂರ ನಿಂತ ತಂದೆಯ ಧರ್ಮ ಮಕ್ಕಳಿಗೆ ಅಷ್ಟಾಗಿ ಹತ್ತಲಿಲ್ಲ.

ಪ್ರಶ್ನೆಯನ್ನೇ ಕೇಳದೆ ಬೆಳೆದವರ ಪಾಡು ಬೇರೆ. ಹರೆಯದವರು "ನಾನು ಯಾರು" ಎಂಬುದನ್ನು ಕಂಡುಕೊಳ್ಳುವ ಬಗೆಯಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ವಿವರಿಸಿದ ನಾಲ್ಕು ಸ್ಥಿತಿಗಳಲ್ಲಿ ಒಂದು ಇದು: ಹುಡುಕಾಟವಿಲ್ಲದೆ ಹಿರಿಯರ ನಿಲುವನ್ನು ತನ್ನದೆಂದು ಮುಡಿಗೇರಿಸಿಕೊಂಡು ಬಾಗಿಲು ಮುಚ್ಚಿಬಿಡುವುದು. ಅಂಥವರು ನನ್ನಲ್ಲಿಗೆ ಬರುವುದು ಕಡಿಮೆ, ಅವರಿಗೆ ತೊಂದರೆಯೇ ಇರುವುದಿಲ್ಲ. ಬಂದರೆ ಒಂದು ಸಾವೋ, ಅಂತರ್ಧರ್ಮೀಯ ಮದುವೆಯೋ ಬಾಗಿಲು ತಟ್ಟಿದ ಮೇಲೆ ಬರುತ್ತಾರೆ. ನಾಸ್ತಿಕರ ಮನೆಯಲ್ಲಿ ಹುಟ್ಟಿ ನಾಸ್ತಿಕರಾಗಿಯೇ ಉಳಿದ ಕೆಲವರೂ ಇದೇ ಸಾಲಿನವರು. ಹೇಳಿದರೆ ಕೋಪ ಬರುತ್ತದೆ.

ಆಸ್ಪತ್ರೆಯ ಬೆಂಚಿನವರು ನಾಲ್ಕನೆಯ ಭೇಟಿಯಲ್ಲಿ ಮಗಳ ವಿಷಯ ಎತ್ತಿದರು. ಒಂಬತ್ತು ವರ್ಷದ ಹುಡುಗಿ. ಅಜ್ಜಿ ಮನೆಗೆ ಬಂದ ದಿನ "ಅಪ್ಪಾ, ನಾನೂ ಅಜ್ಜಿ ಜೊತೆ ಪ್ರಾರ್ಥನೆ ಮಾಡ್ಲಾ? ನೀನ್ಯಾಕೆ ಮಾಡಲ್ಲ?" ಎಂದಳಂತೆ. ಇವರು "ಸುಮ್ನಿರು, ಅದನ್ನೆಲ್ಲ ಕೇಳಬಾರದು" ಎಂದುಬಿಟ್ಟರು. ನನಗೆ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರೇ ಗಕ್ಕನೆ ನಿಂತರು. ದೇವರು ಎಲ್ಲಿದ್ದಾನೆ ಎಂದು ತಾವು ಕೇಳಿದಾಗಲೆಲ್ಲ ತಂದೆ ಹೇಳುತ್ತಿದ್ದ ಮಾತು ಅದು. ಪದ, ದನಿ, ಎತ್ತಿದ ತೋರುಬೆರಳು, ಎಲ್ಲವೂ ತಂದೆಯವೇ. ಹದಿನೈದು ವರ್ಷದ ಹಿಂದೆ ಅವರು ತಂದೆಯ ದೇವರನ್ನು ಬಿಟ್ಟು ಬಂದಿದ್ದರು. ಈ ಬೆರಳು ಜೊತೆಯಲ್ಲೇ ಬಂದಿತ್ತು.

ಮುಂದಿನ ಭೇಟಿಗಳಲ್ಲಿ ನಾವು ಕೈ ಮುಗಿದುದರ ಬಗ್ಗೆ ಮಾತಾಡಲೇ ಇಲ್ಲ. ಬೆರಳಿನ ಬಗ್ಗೆ ಮಾತಾಡಿದೆವು.