ವ್ಯಾಲಿ ಫೀವರ್: ಮಣ್ಣಿನ ಬೂಷ್ಟಿಗೆ ಇಟ್ಟ ತಪ್ಪು ಹೆಸರುಗಳು

ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಮಂಗ ಅಲ್ಲ, ಉಣ್ಣೆ. ಆದರೂ ಹೆಸರು ಮಾತ್ರ ಮಂಗನ ತಲೆಗೇ ಕಟ್ಟಿಕೊಂಡಿದೆ. ಅಮೆರಿಕದಲ್ಲೂ ಇಂಥದ್ದೇ ಒಂದು ಕಾಯಿಲೆ ಇದೆ. ಅರಿಜೋನಾದ ಫೀನಿಕ್ಸ್ ಕಡೆ ಮಕ್ಕಳಿರುವವರು ಫೋನಿನಲ್ಲಿ ಹೆಸರು ಕೇಳಿರಬಹುದು: ವ್ಯಾಲಿ ಫೀವರ್.

ವ್ಯಾಲಿ ಅಂದರೆ ಕಣಿವೆ, ಫೀವರ್ ಅಂದರೆ ಜ್ವರ. ಕಣಿವೆ ಜ್ವರ. ಸುಮ್ನೆ ಕೇಳಿದರೆ ಸೊಳ್ಳೆಯಿಂದಲೋ ನೀರಿನಿಂದಲೋ ಬರುವ ಜ್ವರ ಅನ್ನಿಸುತ್ತದೆ, ಅಲ್ವಾ? ಎರಡೂ ಅಲ್ಲ. ಒಣ ನಾಡಿನ ಮಣ್ಣಿನಲ್ಲಿ ಬೆಳೆಯುವ ಒಂದು ಶಿಲೀಂಧ್ರ ಇದಕ್ಕೆ ಕಾರಣ. ಹಳೆಯ ಉಪ್ಪಿನಕಾಯಿ ಮೇಲೆ ಕಟ್ಟುವ ಬೂಷ್ಟಿನ ದೂರದ ನೆಂಟ ಅನ್ನಿ. ಧೂಳಿನ ಜೊತೆ ಉಸಿರಿನಲ್ಲಿ ಒಳಗೆ ಹೋಗಿ ಶ್ವಾಸಕೋಶದಲ್ಲಿ ಬೇರೂರುತ್ತದೆ.

ಹೆಸರಿನಲ್ಲಿರುವ ಕಣಿವೆ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆ. ದ್ರಾಕ್ಷಿ, ಬಾದಾಮಿ, ಹತ್ತಿ ಬೆಳೆಯುವ ದೊಡ್ಡ ಬಯಲು. ಅಲ್ಲಿಗೆ ಹೊಸದಾಗಿ ಕೂಲಿಗೆ ಬಂದವರು ಜ್ವರ, ಕೆಮ್ಮು ಅಂತ ಮಲಗುತ್ತಿದ್ದರು. ಹಾಗಾಗಿ ಜನರ ಬಾಯಲ್ಲಿ ಅದು ಕಣಿವೆಯ ಜ್ವರ ಆಯಿತು. ಆದರೆ ಈ ಬೂಷ್ಟು ಆ ಕಣಿವೆಗೆ ಸೀಮಿತವಾಗಿಲ್ಲ. ಅರಿಜೋನಾದ ಮರುಭೂಮಿ, ಟೆಕ್ಸಾಸ್, ಮೆಕ್ಸಿಕೋ, ಅರ್ಜೆಂಟೀನಾ, ಬ್ರೆಜಿಲ್‌ನ ಒಣ ಪ್ರದೇಶಗಳಲ್ಲೂ ಇದೆ. 2010ರ ನಂತರ ಉತ್ತರದ ವಾಷಿಂಗ್ಟನ್ ರಾಜ್ಯದ ಮಣ್ಣಿನಲ್ಲೂ ಸಿಕ್ಕಿತು.

ಇನ್ನು ಜ್ವರ. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಏನೂ ಗೊತ್ತೇ ಆಗುವುದಿಲ್ಲ, ಜ್ವರವಂತೂ ದೂರದ ಮಾತು. ಉಳಿದವರಿಗೆ ಒಂದರಿಂದ ಮೂರು ವಾರದಲ್ಲಿ ಕೆಮ್ಮು, ಎದೆನೋವು, ಜ್ವರ, ರಾತ್ರಿ ಬೆವರು ಶುರುವಾಗುತ್ತದೆ. ಕೆಲವರಿಗೆ ಕಾಲಿನ ಮುಂಭಾಗದಲ್ಲಿ ಕೆಂಪಗೆ ನೋಯುವ ಗಂಟುಗಳು ಏಳುತ್ತವೆ. ಕೀಲುನೋವು ಜಾಸ್ತಿ ಇದ್ದರೆ ಅದಕ್ಕೆ 'ಮರುಭೂಮಿಯ ಸಂಧಿವಾತ' ಎಂಬ ಹೆಸರೂ ಇದೆ. ಇವೆಲ್ಲಕ್ಕಿಂತ ಕಾಡುವುದು ಸುಸ್ತು. ಕೆಮ್ಮು ನಿಂತು ತಿಂಗಳುಗಳಾದರೂ ಮೆಟ್ಟಿಲು ಹತ್ತಲು ಆಗದಷ್ಟು ಸುಸ್ತು.

ಜನ ಇಟ್ಟ ಹೆಸರಾಯಿತು. ವಿಜ್ಞಾನಿಗಳು ಇಟ್ಟ ಹೆಸರಿನ ಕತೆ ಇನ್ನೂ ತಮಾಷೆಯಾಗಿದೆ. 1892ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಲೆಹಾಂದ್ರೋ ಪೊಸಾದಾಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಒಬ್ಬ ಸೈನಿಕನ ಚರ್ಮದ ಹುಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ದುಂಡು ದುಂಡು ಚೀಲಗಳು ಕಂಡವು. ಕೋಳಿ, ಕುರಿಗಳ ಹೊಟ್ಟೆಯಲ್ಲಿ ಕಾಣುವ ಕಾಕ್ಸಿಡಿಯಾ ಎಂಬ ಒಂದೇ ಕೋಶದ ಪರಾವಲಂಬಿ ಜೀವಿಯ ಹಾಗೇ ಇದ್ದವು. 1896ರಲ್ಲಿ ಅಮೆರಿಕದ ರಿಕ್ಸ್‌ಫರ್ಡ್ ಮತ್ತು ಗಿಲ್‌ಕ್ರಿಸ್ಟ್ ಇದಕ್ಕೆ ನಾಮಕರಣ ಮಾಡಿದರು: ಕಾಕ್ಸಿಡಿಯಾಯ್ಡಿಸ್ ಇಮ್ಮಿಟಿಸ್. ಮೊದಲ ಪದದ ಅರ್ಥ 'ಕಾಕ್ಸಿಡಿಯಾದಂಥದ್ದು'. ಎರಡನೆಯದರ ಅರ್ಥ 'ಸೌಮ್ಯವಲ್ಲದ್ದು'.

ಇಂಥ ಹುಣ್ಣಿನ ಚೂರನ್ನು ತಟ್ಟೆಯಲ್ಲಿ ಬೆಳೆಸಲು ಹೋದಾಗಲೆಲ್ಲ ಬಿಳಿ ಬೂಷ್ಟು ಬರುತ್ತಿತ್ತು. ಗಾಳಿಯಿಂದ ಬಿದ್ದ ಕೊಳೆ ಅಂತ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹುಡುಕುತ್ತಿದ್ದ ಕಳ್ಳ ಅದೇ ಆಗಿದ್ದ! 1900ರಲ್ಲಿ ಓಫ್ಯುಲ್ಸ್ ಮತ್ತು ಮೋಫಿಟ್ ಇದು ಪರಾವಲಂಬಿ ಜೀವಿ ಅಲ್ಲ, ಶಿಲೀಂಧ್ರವೇ ಎಂದು ತೋರಿಸಿದರು. ಅಷ್ಟರಲ್ಲಿ ಹೆಸರು ಗಟ್ಟಿಯಾಗಿ ಕೂತಿತ್ತು. ನಿಯಮದ ಪ್ರಕಾರ ಮೊದಲು ಇಟ್ಟ ಹೆಸರೇ ಹೆಸರು.

'ಸೌಮ್ಯವಲ್ಲದ್ದು' ಎಂಬ ಮಾತೂ ಪೂರ್ತಿ ನಿಲ್ಲಲಿಲ್ಲ. 1929ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೆರಾಲ್ಡ್ ಚೋಪ್ ಎಂಬ ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಹಳೆಯ ಬೂಷ್ಟಿನ ತಟ್ಟೆಯ ಮುಚ್ಚಳ ತೆಗೆದು, ಗೊತ್ತಿಲ್ಲದೆ ಅದನ್ನು ಉಸಿರಾಡಿಬಿಟ್ಟ. ಆಗ ಇದು ಬಂದರೆ ಸಾವೇ ಎಂದು ನಂಬಿದ್ದ ಕಾಲ. ಹುಡುಗ ಸಾಯಲಿಲ್ಲ. ನ್ಯುಮೋನಿಯಾ ಬಂತು, ಕಾಲಿನಲ್ಲಿ ಕೆಂಪು ಗಂಟುಗಳೆದ್ದವು, ವಾಸಿಯಾದ. ಸ್ಯಾನ್ ವಾಕೀನ್ ರೈತರ ಜ್ವರದ ಲಕ್ಷಣಗಳೂ ಇವೇ ತಾನೇ? ಪ್ರಯೋಗಾಲಯದ ಭಯಂಕರ ರೋಗ, ಹೊಲದ ಮಾಮೂಲಿ ಜ್ವರ ಎರಡೂ ಒಂದೇ ಎಂದು ಡಿಕ್ಸನ್ ಮತ್ತು ಗಿಫರ್ಡ್ ಎಂಬ ವೈದ್ಯರು 1930ರ ದಶಕದಲ್ಲಿ ತೋರಿಸಿಕೊಟ್ಟರು.

ದುಂಡು ಚೀಲ ಯಾವುದು, ಬೂಷ್ಟು ಯಾವುದು? ಎರಡೂ ಅದೇ ಜೀವಿ. ಇದಕ್ಕೆ ಎರಡು ವೇಷ. ಮಳೆ ಬಂದಾಗ ಮಣ್ಣಿನಲ್ಲಿ ಎಳೆ ಎಳೆಯಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಒಣಗಿ ಆ ಎಳೆಗಳು ಚೂರಾಗುತ್ತವೆ. ಒಂದೊಂದು ಚೂರು 3ರಿಂದ 5 ಮೈಕ್ರಾನ್, ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇಲ್ಲ. ಗಾಳಿ ಬೀಸಿದರೆ, ಯಾರಾದರೂ ನೆಲ ಅಗೆದರೆ ತೇಲುತ್ತದೆ. ಶ್ವಾಸಕೋಶ ಸೇರಿದ ಮೇಲೆ ವೇಷ ಬದಲು. ಊದಿಕೊಂಡು ಚೆಂಡಾಗುತ್ತದೆ, ಒಳಗೆ ನೂರಾರು ಮರಿಕಣಗಳು ತುಂಬುತ್ತವೆ, ಕೊನೆಗೆ ಒಡೆಯುತ್ತದೆ. ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುತ್ತದಲ್ಲ, ಹಾಗೆ. ಒಂದೊಂದು ಮರಿಯೂ ಮತ್ತೆ ಚೆಂಡಾಗುತ್ತದೆ. ಮೈಯೊಳಗಿನ ಈ ವೇಷ ಸಾಮಾನ್ಯವಾಗಿ ಇನ್ನೊಬ್ಬರಿಗೆ ದಾಟುವುದಿಲ್ಲ. ಹಾಗಾಗಿ ರೋಗಿ ಪಕ್ಕದಲ್ಲಿ ಕೆಮ್ಮಿದರೆ ಹೆದರಬೇಕಿಲ್ಲ, ಹೆದರಬೇಕಾದ್ದು ಧೂಳಿಗೆ.

ಧೂಳು ಏನು ಮಾಡಬಲ್ಲದು ಅನ್ನುವುದಕ್ಕೆ 1994ರ ಜನವರಿಯ ನಾರ್ತ್‌ರಿಜ್ ಭೂಕಂಪ ಸಾಕು. ಲಾಸ್ ಏಂಜಲಿಸ್ ಪಕ್ಕದ ಬೆಟ್ಟಗಳು ಕುಸಿದು ಧೂಳಿನ ಮೋಡ ಎದ್ದಿತು. ಮುಂದಿನ ವಾರಗಳಲ್ಲಿ ಪಕ್ಕದ ವೆಂಚುರಾ ಕೌಂಟಿಯಲ್ಲಿ 203 ಜನರಿಗೆ ವ್ಯಾಲಿ ಫೀವರ್, ಮೂವರ ಸಾವು. ಎರಡನೇ ಮಹಾಯುದ್ಧದ ಹೊತ್ತಿಗೆ ಸ್ಯಾನ್ ವಾಕೀನ್ ಕಣಿವೆಯಲ್ಲಿ ವಿಮಾನ ತರಬೇತಿ ನೆಲೆಗಳನ್ನು ಕಟ್ಟಿದಾಗ ಸೈನಿಕರು ಸಾಲಾಗಿ ಮಲಗಿದ್ದರು. ಚಾರ್ಲ್ಸ್ ಸ್ಮಿತ್ ಎಂಬ ವೈದ್ಯರು ಹೇಳಿದ್ದು ಸರಳ ಉಪಾಯ: ಹುಲ್ಲು ಬೆಳೆಸಿ, ದಾರಿಗೆ ಟಾರು ಹಾಕಿ, ಧೂಳು ಏಳದಂತೆ ನೋಡಿಕೊಳ್ಳಿ. ಸೋಂಕು ಇಳಿಯಿತು.

ಬಹುತೇಕರಿಗೆ ಔಷಧಿಯೇ ಇಲ್ಲದೆ ವಾಸಿಯಾಗುತ್ತದೆ. ಕೆಲವರಲ್ಲಿ ಮಾತ್ರ ಇದು ಶ್ವಾಸಕೋಶ ಬಿಟ್ಟು ಚರ್ಮ, ಮೂಳೆ, ಮಿದುಳಿನ ಪೊರೆಗೆ ಹರಡುತ್ತದೆ. ತುಂಬು ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಕಪ್ಪು ಜನಾಂಗದವರು ಮತ್ತು ಫಿಲಿಪೈನ್ಸ್ ಮೂಲದವರಲ್ಲಿ ಆ ಅಪಾಯ ಜಾಸ್ತಿ. ಸಕ್ಕರೆ ಕಾಯಿಲೆ ಇದ್ದವರಿಗೆ ಶ್ವಾಸಕೋಶದ ತೊಂದರೆಯೇ ಗಟ್ಟಿಯಾಗಿ ಕೂರಬಹುದು. ಮಿದುಳಿನ ಪೊರೆಗೆ ಹೋದರೆ ಫ್ಲುಕೋನಜೋಲ್‌ನಂಥ ಮಾತ್ರೆ ಸಾಮಾನ್ಯವಾಗಿ ಬದುಕಿಡೀ ನುಂಗಬೇಕು. ಬ್ಯಾಕ್ಟೀರಿಯಾಕ್ಕೆ ಕೊಡುವ ಆ್ಯಂಟಿಬಯೋಟಿಕ್ ಇಲ್ಲಿ ಕೆಲಸ ಮಾಡುವುದಿಲ್ಲ.

ನಮ್ಮ ಮಣ್ಣಿನಲ್ಲಿ ಈ ಬೂಷ್ಟು ನೆಲೆಸಿಲ್ಲ. ಆದರೆ ವಿಮಾನ ಹತ್ತಿ ಬರುತ್ತದೆ. ಅಲ್ಲಿಂದ ಮರಳಿದವರಲ್ಲಿ ಕಂಡ ಪ್ರಕರಣಗಳು ಭಾರತದಲ್ಲೂ ವರದಿಯಾಗಿವೆ. ಫೀನಿಕ್ಸ್‌ನಲ್ಲಿ ಆರು ತಿಂಗಳು ಮೊಮ್ಮಗನನ್ನು ಆಡಿಸಿ ಮೈಸೂರಿಗೆ ಮರಳಿದ ಅಜ್ಜಿಗೆ ಕೆಮ್ಮು ಬಿಡದಿದ್ದರೆ, ಎಕ್ಸ್‌ರೇಯಲ್ಲಿ ಕಲೆ ಕಂಡರೆ, ಇಲ್ಲಿನ ಡಾಕ್ಟರಿಗೆ ಮೊದಲು ನೆನಪಾಗುವುದು ಕ್ಷಯ. ಅದು ಸಹಜ. "ನಾನು ಅರಿಜೋನಾದಲ್ಲಿದ್ದೆ ಡಾಕ್ಟ್ರೇ" ಅಂತ ಅಜ್ಜಿಯೇ ಹೇಳಬೇಕು.

ಪೊಸಾದಾಸ್‌ಗೂ ಕೊನೆಗೆ ಒಂದು ಹೆಸರು ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿರುವ ಬೂಷ್ಟೇ ಬೇರೆ, ಅರಿಜೋನಾದಿಂದ ಅರ್ಜೆಂಟೀನಾದವರೆಗೆ ಇರುವುದೇ ಬೇರೆ ಎಂದು ವಂಶವಾಹಿಗಳನ್ನು ನೋಡಿದವರಿಗೆ ಗೊತ್ತಾಯಿತು. ಎರಡನೆಯದಕ್ಕೆ 2002ರಲ್ಲಿ ಕಾಕ್ಸಿಡಿಯಾಯ್ಡಿಸ್ ಪೊಸಾದಾಸಿ ಎಂದು ಹೆಸರಿಟ್ಟರು. ಆ ವಿದ್ಯಾರ್ಥಿ ಅದನ್ನು ಕಂಡು ಆಗಲೇ 110 ವರ್ಷವಾಗಿತ್ತು. 'ಕಾಕ್ಸಿಡಿಯಾದಂಥದ್ದು' ಎಂಬ ಅವನ ಕಾಲದ ತಪ್ಪು ಮಾತ್ರ ಈ ಹೆಸರಿನಲ್ಲೂ ಹಾಗೇ ಉಳಿದಿದೆ.